ಹಿಟ್ಟಪ್ಪನ ಹೊಟ್ಟೆ

ಮಾರ್ಚ್ 3

ಸೊಸೆಗೆ,

ಬಾಯಿ ಇರುವವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀರಿ, ನೀನೂ ನಿನ್ನ ವಕೀಲರೂ. ಫೋನ್ ಮಾಡಬಾರದಂತೆ, ಮನೆ ಹತ್ತಿರ ಸುಳಿಯಬಾರದಂತೆ, ಏನಿದ್ದರೂ ಬರವಣಿಗೆಯಲ್ಲಿ ಇರಬೇಕಂತೆ. ನಾಲ್ಕನೇ ಕ್ಲಾಸಿಗೇ ಶಾಲೆಗೊಂದು ನಮಸ್ಕಾರ ಹೊಡೆದು ಬೇಕರಿಯ ಭಟ್ಟಿಯ ಮುಂದೆ ನಿಂತವನು ನಾನು. ಅಲ್ಲಿಂದ ಇಲ್ಲಿಯವರೆಗೆ ಬರೆದದ್ದೆಂದರೆ ಕೇಕಿನ ಮೇಲೆ ಹೆಸರು, ಅದೂ ಕ್ರೀಮಿನಲ್ಲಿ. ತಪ್ಪಾದರೆ ಚಾಕುವಿನಿಂದ ಕೆರೆದು ಮತ್ತೆ ಬರೆಯಬಹುದಿತ್ತು. ಇಲ್ಲಿ ಕೆರೆದರೆ ಕಾಗದ ಹರಿಯುತ್ತದೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಗಂಡ (ಡೈವೋರ್ಸ್ ಕೇಸು ಮುಗಿಯುವವರೆಗೆ ಹಾಗೇ ಅನ್ನುತ್ತೇನೆ, ಸಿಟ್ಟು ಬಂದರೆ ಬರಲಿ) ಹೋದ ವಾರ ಬಂದು ಬಿಳಿ ಮೊಲವನ್ನು ಬೇಕರಿಯ ಹಿಂದಿನ ಕೋಣೆಯಲ್ಲಿ ಇಟ್ಟು ಹೋದ. ನೀವು ಮನೆಯ ಸಾಮಾನು ಪಾಲು ಮಾಡಿಕೊಂಡಾಗ ಫ್ರಿಜ್ಜು ನಿನಗೆ, ಮಂಚ ಅವನಿಗೆ, ಕರಿ ಮೊಲ ಮಸಿಯಮ್ಮ ನಿನಗೆ, ಬಿಳಿ ಮೊಲ ಹಿಟ್ಟಪ್ಪ ಅವನಿಗೆ ಅಂತ ಆಯಿತಲ್ಲ, ಆ ಹಿಟ್ಟಪ್ಪ. "ಅಪ್ಪಾ, ಎರಡು ದಿನ ನೋಡ್ಕೋ, ಟೈರ್ ಕಂಪನಿಯವರು ಊರೂರು ತಿರುಗಿಸ್ತಿದ್ದಾರೆ" ಎಂದ. ಅವನ ಎರಡು ದಿನ ಎಂದರೆ ಎಷ್ಟು ಉದ್ದ ಎನ್ನುವುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಇದಕ್ಕೆ ಏನು ಹಾಕಬೇಕು? ಅದನ್ನು ಕೇಳಲು ಈ ಕಾಗದ. ಒಂದೇ ಮನೆಯಲ್ಲಿದ್ದರೂ ಮೊಲಗಳ ಕಡೆ ನಾನು ತಿರುಗಿ ನೋಡಿದವನಲ್ಲ. ಕೋಸಿನ ದಿಂಡು ಹಾಕಿದೆ, ಮೂಸಿ ಬಿಟ್ಟಿತು. ಆಲೂಗಡ್ಡೆ ಸಿಪ್ಪೆ ಹಾಕಿದೆ, ಕಾಲಲ್ಲಿ ಒದ್ದು ಬೆನ್ನು ತಿರುಗಿಸಿ ಕೂತಿತು. ನಮ್ಮ ಬನ್ ಹಾಕಿದರೆ ಮಾತ್ರ ಮೂತಿ ಅದುರಿಸಿಕೊಂಡು ತಿನ್ನುತ್ತದೆ. ತಿನ್ನುವುದು ನೋಡಿದರೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಹಿಕ್ಕೆ ಸಣ್ಣದಾಗಿದೆ, ದಿನದಿಂದ ದಿನಕ್ಕೆ ಕಡಿಮೆಯೂ ಆಗಿದೆ. ಬದುಕಿರುವ ಪ್ರಾಣಿಗೆ ಹಾಗಾಗಬಾರದು ಎನ್ನುವಷ್ಟು ನನಗೂ ಗೊತ್ತು.

ಬ್ರೆಡ್ ಗಾಡಿಯವನು ದಿನಾ ಬೆಳಿಗ್ಗೆ ನಿನ್ನ ಕನ್ನಡಕದ ಅಂಗಡಿಯ ಎದುರಿಗೇ ಮಾಲು ಇಳಿಸುತ್ತಾನೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನಿಗೇ ಕೊಡು.

ನನ್ನ ಮೊಮ್ಮಗಳು ಮೆಣಸು ಹೇಗಿದ್ದಾಳೆ? ಹಲ್ಲು ಬಿದ್ದಿತ್ತಲ್ಲ, ಬಂತಾ?

ನಿನ್ನ ಮಾವ


ಮಾರ್ಚ್ 8

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ.

ಬನ್ ಕೊಡಬೇಡಿ. ಬ್ರೆಡ್, ರಸ್ಕ್, ಬಿಸ್ಕತ್ತು, ಕೇಕಿನ ಚೂರು ಯಾವುದೂ ಬೇಡ. ಮೊಲದ ಹೊಟ್ಟೆ ಇರುವುದು ಹುಲ್ಲಿಗಾಗಿ. ಒಣಹುಲ್ಲು ದಿನವಿಡೀ ಅದರ ಮುಂದೆ ಇರಬೇಕು. ತಿನ್ನುವುದರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಅದೇ ಆಗಬೇಕು. ಅದರ ಜೊತೆಗೆ ಒಂದು ಹಿಡಿ ಸೊಪ್ಪು: ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿಯ ಎಲೆ. ಪಾಲಕ್ ಅಪರೂಪಕ್ಕೆ ಸಾಕು. ಯಾವುದನ್ನೇ ಆದರೂ ತೊಳೆದು, ನೀರು ಒದರಿ ಕೊಡಿ. ಹೊಸ ಸೊಪ್ಪು ಶುರು ಮಾಡುವಾಗ ಒಂದು ಸಲಕ್ಕೆ ಒಂದೇ ಬಗೆ, ಅದೂ ಎರಡು ಎಸಳು, ಮರುದಿನ ಹಿಕ್ಕೆ ನೋಡಿ ಆಮೇಲೆ ಹೆಚ್ಚು. ಈರುಳ್ಳಿ, ಬೆಳ್ಳುಳ್ಳಿ, ಅವುಗಳ ಎಲೆ ಕೂಡ, ಎಂದಿಗೂ ಬೇಡ. ಆಲೂಗಡ್ಡೆ ಸಿಪ್ಪೆ ಬೇಡ, ಆಲೂಗಡ್ಡೆ ಮತ್ತು ಟೊಮೇಟೊ ಗಿಡದ ಎಲೆಯಂತೂ ವಿಷ. ಕೋಸಿನಿಂದ ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ. ಕ್ಯಾರೆಟ್ ನಮಗೆ ತರಕಾರಿ, ಅದಕ್ಕೆ ಮಿಠಾಯಿ. ಬೆರಳ ತುದಿಯಷ್ಟು ಸಾಕು.

ಒಂದು ಮಾತು ಬರೆಯದೆ ಇರಲಾರೆ. ಸಂಧಾನದ ಕೋಣೆಯಲ್ಲಿ ಎದ್ದು ನಿಂತು ನೀವು, "ಇವಳಿಗೆ ಒಂದು ಮಗೂಗೆ ಹೊಟ್ಟೆಗೆ ಹಾಕೋಕೆ ಬರಲ್ಲ, ಅದು ನನ್ನ ಬನ್ನು ತಿಂದು ಬೆಳೆದಿದ್ದು" ಎಂದಿರಿ. ಮಗು ಅಪ್ಪನ ಹತ್ತಿರ ಇರಬೇಕು ಎಂದು ನಿಮ್ಮ ಮಗನ ವಕೀಲರು ವಾದಿಸುತ್ತಿರುವುದು ಆ ಒಂದು ಮಾತನ್ನು ಹಿಡಿದುಕೊಂಡೇ. ಮಗುವಿಗೆ ಹಾಕಲು ಬರದವಳನ್ನು ಈಗ ಮೊಲಕ್ಕೆ ಏನು ಹಾಕಬೇಕೆಂದು ಕೇಳುತ್ತಿದ್ದೀರಿ.

ಮೊಲದ ತಪ್ಪೇನೂ ಇಲ್ಲದ್ದರಿಂದ ಉತ್ತರಿಸಿದ್ದೇನೆ.

ಇತಿ,
ನಿಮ್ಮ ಮೊಮ್ಮಗಳ ತಾಯಿ


ಮಾರ್ಚ್ 13

ಸೊಸೆಗೆ,

ಮಾನ್ಯರೇ ಅಂತೆ! ನಾನೇನು ಕರೆಂಟ್ ಆಫೀಸಿನ ಇಂಜಿನಿಯರಾ, ಅರ್ಜಿ ಹಾಕಿಕೊಂಡಿದ್ದೀಯ? ಹತ್ತು ವರ್ಷ ಇದೇ ಮನೆಯಲ್ಲಿ "ಮಾವ, ಟೀ ಆರ್ತಾ ಇದೆ" ಎಂದು ಕೂಗಿದವಳು ನೀನು. ವಕೀಲರು ಆ ಮಾತನ್ನೂ ವಾಪಸ್ ಇಸ್ಕೋ ಎಂದರಾ?

ಸಂಧಾನದ ವಿಷಯ ನೀನು ಎತ್ತಿದ್ದರಿಂದ ಹೇಳುತ್ತೇನೆ. ಕೇಳಿದರು, ಹೇಳಿದೆ. ಮಗ ಎದುರಿಗೆ ಕೂತಿದ್ದಾನೆ, ನಾನು ಅವನ ಅಪ್ಪ. ಬೇರೆಯವರ ಪರ ಮಾತಾಡಲು ನನ್ನನ್ನು ಅಲ್ಲಿಗೆ ಕರೆದಿರಲಿಲ್ಲ. ಅಲ್ಲಿಗೆ ಮುಗಿಯಿತು.

ಒಣಹುಲ್ಲು ಎಂದು ಒಂದು ಪದ ಬರೆದುಬಿಟ್ಟೆ. ಎಲ್ಲಿ ಸಿಗುತ್ತದೆ ಎಂದು ಬರೆಯಲು ಕೈ ನೋಯುತ್ತಿತ್ತಾ? ಪಿಂಗಾಣಿ ಅಂಗಡಿಯವನು ತಟ್ಟೆ ಲೋಟದ ಪೆಟ್ಟಿಗೆಯಲ್ಲಿ ತುಂಬುವ ಹುಲ್ಲು ಕೊಟ್ಟ. ಹಿಟ್ಟಪ್ಪ ಅದನ್ನು ಒಂದು ಸಲ ನೋಡಿ, ನನ್ನನ್ನು ಒಂದು ಸಲ ನೋಡಿ, ಅದರ ಮೇಲೆ ಉಚ್ಚೆ ಹೊಯ್ಯಿತು. ಆಮೇಲೆ ರಸ್ತೆ ಬದಿಯಲ್ಲಿ ಒಳ್ಳೆ ಎಳೆ ಹುಲ್ಲು ಕಿತ್ತು ತಂದೆ. ಪಾರ್ಕಿನ ಮಾಲಿ ಮಿಷನ್ನಿನಲ್ಲಿ ಕತ್ತರಿಸಿದ ಹುಲ್ಲನ್ನು ಒಂದು ಚೀಲ ತುಂಬಿಸಿಕೊಟ್ಟಿದ್ದಾನೆ. ಅದೂ ಇದೆ.

ಸೊಪ್ಪಿನವಳ ಹತ್ತಿರ ಹೋಗಿ ಕೊತ್ತಂಬರಿ, ಪುದೀನ, ಸಬ್ಬಸಿಗೆ ಎಲ್ಲ ಒಂದೊಂದು ಕಟ್ಟು ಕೇಳಿದೆ.

"ಏನಜ್ಜ, ಮನೇಲಿ ಊಟಕ್ಕೆ ಜನ ಬರ್ತಾರಾ?" ಎಂದಳು.

"ಮೊಲ."

"ಅಯ್ಯೋ, ನನ್ನ ಗಂಡ ಒಂದು ಕಟ್ಟು ಸೊಪ್ಪು ತಿಂದು ವರ್ಷ ಆಯ್ತು. ನಿಮ್ಮ ಮೊಲಾನ ನಮ್ಮನೆಗೆ ಕಳ್ಸಿ, ಅವನನ್ನ ನಿಮ್ಮನೆಗೆ ಕಳಿಸ್ತೀನಿ. ಬನ್ನು ತಿಂದ್ಕೊಂಡು ಬಿದ್ದಿರ್ಲಿ."

ಇಡೀ ಸಂತೆ ನಕ್ಕಿತು. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ನನಗೆ.

ಇನ್ನೊಂದು ಸಂಗತಿ. ಇದು ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತದೆ! ತಿರುಗಿ ಬಗ್ಗಿ ಹಿಂದಿನಿಂದಲೇ ಬಾಯಿಗೆ ಹಾಕಿಕೊಳ್ಳುತ್ತದೆ. ನೋಡಿದ ಮೇಲೆ ನನಗೆ ಒಂದು ಹೊತ್ತು ಊಟ ಸೇರಲಿಲ್ಲ. ಇಂಥದ್ದನ್ನು ನೀವು ಮನೆಯೊಳಗೆ, ಮಗುವಿನ ಹಾಸಿಗೆಯ ಮೇಲೆ ಬಿಡುತ್ತಿದ್ದಿರಾ?

ಬನ್ ನಿಲ್ಲಿಸಿದ್ದೇನೆ. ರಸ್ಕಿನ ತುದಿ ಮಾತ್ರ ಒಂದೊಂದು ಸಲ. ಕಂಬಿಗೆ ಮೂತಿ ಒತ್ತಿ ಕೇಳುತ್ತದೆ, ಕೈ ಬರುವುದಿಲ್ಲ ಇಲ್ಲ ಎನ್ನಲು.

ಮೆಣಸಿನ ವಿಷಯ ಕೇಳಿದ್ದೆ. ನೀನು ಬರೆಯಲಿಲ್ಲ.

ನಿನ್ನ ಮಾವ


ಮಾರ್ಚ್ 20

ಮಾನ್ಯರೇ,

ಪಿಂಗಾಣಿ ಅಂಗಡಿಯ ಹುಲ್ಲನ್ನು ಎಸೆಯಿರಿ. ಅದು ಪೈರು ಕೊಯ್ದ ಮೇಲೆ ಉಳಿಯುವ ದಂಟು, ಸತ್ವವಿಲ್ಲದ್ದು. ಯಾವ ಪುಡಿ ಹೊಡೆದಿದ್ದಾರೋ ಗೊತ್ತಿಲ್ಲ. ಕುದುರೆ ಲಾಯದವರ ಹತ್ತಿರ ಕೇಳಿ. ಹಸಿರು ಬಣ್ಣ ಇನ್ನೂ ಉಳಿದಿರುವ, ಮೂಸಿದರೆ ಒಳ್ಳೆಯ ವಾಸನೆ ಬರುವ, ಬೂಷ್ಟು ಇಲ್ಲದ ಒಣಹುಲ್ಲು ಕೊಡುತ್ತಾರೆ.

ರಸ್ತೆ ಬದಿಯ ಹುಲ್ಲು ಬೇಡ. ಅದರ ಮೇಲೆ ಗಾಡಿಗಳ ಹೊಗೆ ಕೂತಿರುತ್ತದೆ, ನಾಯಿಗಳು ಕಾಲೆತ್ತಿರುತ್ತವೆ, ಕಳೆ ಸಾಯಲೆಂದು ಔಷಧಿ ಹೊಡೆದಿರುತ್ತಾರೆ. ನೋಡಲು ಎಳೆಯದಾಗಿದೆ ಎಂದ ಮಾತ್ರಕ್ಕೆ ಒಳ್ಳೆಯದಲ್ಲ. ಪಾರ್ಕಿನಲ್ಲಿ ಮಿಷನ್ನಿನಿಂದ ಕತ್ತರಿಸಿದ್ದು ಇನ್ನೂ ಕೆಟ್ಟದ್ದು. ರಾಶಿ ಬಿದ್ದ ಕೂಡಲೇ ಒಳಗೆ ಬಿಸಿಯಾಗಿ ಹುಳಿಯಲು ಶುರುವಾಗುತ್ತದೆ. ಚೀಲದೊಳಗೆ ಕೈ ಹಾಕಿ ನೋಡಿ, ಗೊತ್ತಾಗುತ್ತದೆ. ಹುಳಿಯುವುದು ಎಂದರೇನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೆಸರು ಗೊತ್ತಿಲ್ಲದ ಗಿಡದ ಒಂದೆಲೆಯನ್ನೂ ಕೊಡಬೇಡಿ. ಕಣಗಿಲೆಯ ಎಲೆ ಕಲಬೆರಕೆಯಾಗಿ ಬಂದರೂ ಸಾಕು, ಮುಗಿಯಿತು.

ಅದು ತಿನ್ನುವುದು ಮಾಮೂಲಿ ಹಿಕ್ಕೆಯಲ್ಲ. ಮೆತ್ತಗಿನ ಬೇರೆ ಬಗೆಯದು. ಒಂದು ಸಲಕ್ಕೆ ಅರಗದ್ದನ್ನು ಎರಡನೇ ಸಲ ಅರಗಿಸಿಕೊಳ್ಳಲು ತಿನ್ನುತ್ತದೆ. ತಿನ್ನಲಿ, ತಡೆಯಬೇಡಿ. ಕೆಲವು ಮನುಷ್ಯರಿಗೂ ಅದು ಸಾಧ್ಯವಿದ್ದರೆ ಒಳ್ಳೆಯದಿತ್ತು.

ರಸ್ಕಿನ ತುದಿ ಎಂದರೂ ರಸ್ಕೇ. ಕೈ ಬರುವುದಿಲ್ಲ ಎಂದು ಬರೆದಿದ್ದೀರಿ. ಅದು ಪ್ರೀತಿಯಲ್ಲ, ನಿಮ್ಮ ಹಟ. ಆ ಮನೆಯಲ್ಲೂ ನೀವು ಹಾಗೇ ಇದ್ದಿರಿ. ಊಟಕ್ಕೆ ಮುಂಚೆ ಬನ್ ಬೇಡ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಮಗುವಿನ ಎರಡೂ ಕೈಯಲ್ಲಿ ಬನ್ ಇರುತ್ತಿತ್ತು. ಆಮೇಲೆ ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು. ಆ ಉಳಿದ ಅನ್ನವನ್ನೇ ನೀವು ಸಂಧಾನದ ಮೇಡಂಗೆ ಸಾಕ್ಷಿಯಾಗಿ ಕೊಟ್ಟಿರಿ.

ನೀವು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಇತಿ,
ನಿಮ್ಮ ಮೊಮ್ಮಗಳ ತಾಯಿ


ಮಾರ್ಚ್ 21

ಸೊಸೆಗೆ,

ಕೊಡಬೇಡ. ಯಾರು ಗೋಗರೆದರು?

ಚೀಲದೊಳಗೆ ಕೈ ಹಾಕಿದೆ. ಬಿಸಿ ಇತ್ತು. ಎಸೆದೆ.

ಮಾವ


ಏಪ್ರಿಲ್ 2

ಸೊಸೆಗೆ,

ಹನ್ನೆರಡು ದಿನ ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ. ಆದರೆ ಒಳ್ಳೆ ಸುದ್ದಿಯನ್ನೂ ಹೇಳದೆ ಇದ್ದರೆ ಆಮೇಲೆ "ಮೊಲವನ್ನು ಕೊಂದುಹಾಕಿದ ಮುದುಕ" ಎಂದು ಅದನ್ನೂ ಯಾವುದಾದರೂ ಕೋಣೆಯಲ್ಲಿ ಓದಿಸುತ್ತೀಯ.

ಹಿಟ್ಟಪ್ಪ ಮೈ ತುಂಬಿಕೊಂಡಿದೆ. ಬರೀ ಮೂಳೆ ತೊಗಲು ಆಗಿತ್ತಲ್ಲ, ಈಗ ನೋಡಬೇಕು. ಲಾಯದವನ ಹತ್ತಿರ ಒಣಹುಲ್ಲು ತಂದೆ, ಸೊಪ್ಪು ದಿನಾ ಹಾಕುತ್ತೇನೆ, ನೀನು ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ರಸ್ಕಿನ ತುದಿಯನ್ನೂ ಬಿಟ್ಟೆ. ಆದರೂ ಮೈ ಬಂದದ್ದು ಅದರಿಂದಲ್ಲ ಎಂದು ನನಗೆ ಗೊತ್ತು. ಬೆಳಗಿನ ಜಾವ ಹಿಟ್ಟು ಕಲಸುವಾಗ ಅದನ್ನು ಕೋಣೆಯಲ್ಲಿ ಬಿಟ್ಟಿರುತ್ತೇನೆ. ಮೇಜಿನಿಂದ ಉದುರಿದ ಹಸಿ ಹಿಟ್ಟಿನ ಚೂರುಗಳನ್ನು ಹುಡುಕಿ ಹುಡುಕಿ ತಿನ್ನುತ್ತದೆ. ನಿನ್ನೆ ನಾನೇ ಒಂದು ಉಂಡೆ ಕೊಟ್ಟೆ. ನೀನು ಬ್ರೆಡ್ ಬೇಡ ಎಂದೆ, ಬನ್ ಬೇಡ ಎಂದೆ. ಇದು ಇನ್ನೂ ಬ್ರೆಡ್ಡೂ ಆಗಿಲ್ಲ, ಬನ್ನೂ ಆಗಿಲ್ಲ.

ಇವತ್ತು ಬೆಳಿಗ್ಗೆ ಎತ್ತಿ ನೋಡಿದರೆ ಹೊಟ್ಟೆ ಎಷ್ಟು ಚೆನ್ನಾಗಿ ಉಬ್ಬಿದೆ! ಹದವಾಗಿ ಹುದುಗು ಬಂದ ಹಿಟ್ಟಿನ ಹಾಗೆ ಬಿಗಿಯಾಗಿ, ಗುಂಡಗೆ. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ತಗ್ಗು ಬೀಳುವುದಿಲ್ಲ, ಒತ್ತಿದ್ದು ಹಾಗೇ ಎದ್ದು ಬರುತ್ತದೆ. ಜೀವಮಾನವೆಲ್ಲ ಹೆಬ್ಬೆರಳಿನಿಂದಲೇ ಹದ ನೋಡಿದವನು ನಾನು, ನನಗೆ ತಪ್ಪುವುದಿಲ್ಲ. ಹೊಟ್ಟೆ ತುಂಬಿರುವುದರಿಂದ ಇವತ್ತು ಸೊಪ್ಪು ಮುಟ್ಟಿಲ್ಲ. ಮೂಲೆಯಲ್ಲಿ ಮೈ ಮುದುಡಿಕೊಂಡು, ಕಣ್ಣು ಅರ್ಧ ಮುಚ್ಚಿ, ಹಲ್ಲು ಕಟಕಟ ಎನ್ನಿಸಿಕೊಂಡು ಆರಾಮವಾಗಿ ಕೂತಿದೆ. ತೊಂದರೆ ಕೊಡಬಾರದು ಎಂದು ಅದನ್ನು ಹಾಗೇ ಬಿಟ್ಟು ಕಾಗದ ಬರೆಯಲು ಕೂತೆ.

ಹೊಟ್ಟೆಗೆ ಹಾಕುವುದು ಕಾಗದ ಓದಿ ಬರುವ ವಿದ್ಯೆಯಲ್ಲ, ತಿಳಿದುಕೋ.

ಮೆಣಸಿಗೆ ಹೇಳು, ಹಿಟ್ಟಪ್ಪ ಗುಂಡಗಾಗಿದೆ ಎಂದು. ಅಷ್ಟು ಹೇಳಿದರೆ ನಿನ್ನ ಗಂಟೇನೂ ಹೋಗುವುದಿಲ್ಲ.

ಮಾವ


ಏಪ್ರಿಲ್ 2, ಅಂಗಡಿಯಿಂದ

ಮಾವ,

ಅದು ಹೊಟ್ಟೆ ತುಂಬಿದ್ದಲ್ಲ, ಗಾಳಿ. ಹಸಿ ಹಿಟ್ಟು ಒಳಗೆ ಹೋಗಿ ಉಬ್ಬುತ್ತಿದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಅದೇ ದಾರಿಯಲ್ಲಿ ಹೊರಗೆ ಬರುವುದಿಲ್ಲ. ಹಲ್ಲು ಕಡಿಯುತ್ತಿರುವುದು ಆರಾಮಕ್ಕಲ್ಲ, ನೋವಿಗೆ. ಫೋನ್ ಮೇಲೆ ಫೋನ್ ಮಾಡಿದೆ, ನೀವು ಎತ್ತಲಿಲ್ಲ, ಹಿಟ್ಟಿನ ಮಿಷನ್ ಹಾಕಿಕೊಂಡು ನಿಂತಿರುತ್ತೀರಿ. ಗಾಡಿಯವನನ್ನು ಬ್ರೆಡ್ ಇಳಿಸಲೂ ಬಿಡದೆ ವಾಪಸ್ ಕಳಿಸುತ್ತಿದ್ದೇನೆ. ಇದೇ ಗಾಡಿಯಲ್ಲಿ ಹೊರಡಿ. ಅಂಚೆ ಕಚೇರಿಯ ಹಿಂದೆ, ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಪಶುವೈದ್ಯೆ ಇದ್ದಾರೆ, ಅವರಿಗೆ ಹೇಳಿದ್ದೇನೆ. ಮಸಿಯಮ್ಮನನ್ನೂ ಅವರೇ ನೋಡುವುದು. ಹೊಟ್ಟೆ ಒತ್ತಬೇಡಿ, ಉಜ್ಜಬೇಡಿ. ಏನನ್ನೂ ಬಾಯಿಗೆ ಹಾಕಬೇಡಿ. ಟವಲಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಳ್ಳಿ, ಬೆಚ್ಚಗಿರಲಿ.

ದಯವಿಟ್ಟು ಈಗ ಜಗಳ ಬೇಡ. ಹೊರಡಿ.


ಏಪ್ರಿಲ್ 7

ಸೊಸೆಗೆ,

ಬದುಕಿದೆ. ಗಾಡಿಯವನು ಆವತ್ತೇ ಬಂದು ನಿನಗೆ ಹೇಳಿದನಂತೆ. ಆದರೂ ನಾನು ಬರೆಯಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಆ ವೈದ್ಯೆ ಎಂಥ ಹೆಂಗಸು! ಬಾಯೋ ಗರಗಸವೋ. ಮೇಜಿನ ಮೇಲೆ ಇಟ್ಟ ಕೂಡಲೇ ಕೇಳಿದಳು: "ಏನ್ ಕೊಟ್ರಿ ಇದಕ್ಕೆ?"

"ಸೊಪ್ಪು."

"ಅಜ್ಜ, ನನ್ನ ಹತ್ರ ಸುಳ್ಳು ಹೇಳಿದ್ರೆ ನನಗೇನೂ ಆಗಲ್ಲ, ಮೊಲ ಸಾಯುತ್ತೆ."

"ಹಿಟ್ಟು. ಹಸಿದು. ಒಂದು ಚೂರು."

"ಯೀಸ್ಟ್ ಹಾಕಿದ್ದಾ?"

"ಯೀಸ್ಟ್ ಇಲ್ಲದೆ ಬ್ರೆಡ್ ಮಾಡೋಕೆ ನಾನೇನು ಇಟ್ಟಿಗೆ ಸುಡೋನಾ?"

"ಸರಿ ಹಾಗಾದ್ರೆ, ಇದರ ಹೊಟ್ಟೇಲೇ ಭಟ್ಟಿ ಹಚ್ಚಿದ್ದೀರಿ" ಎಂದು ಹೇಳಿ ನನ್ನನ್ನು ಹೊರಗೆ ಕೂರಿಸಿದಳು.

ಅಲ್ಲಿನ ಬೆಂಚು ಕಿರಿದು. ಪಕ್ಕದಲ್ಲಿ ಗಿಳಿಯ ಪಂಜರ ಹಿಡಿದುಕೊಂಡ ಒಬ್ಬ, ಕೆಳಗಿನಿಂದ ಸೈಕಲ್ ಟೈರಿಗೆ ಗಾಳಿ ಹೊಡೆಯುವ ಸದ್ದು. ಒಂದೊಂದು ಸಲ ಗಾಳಿ ಹೊಡೆದಾಗಲೂ ಎದ್ದು ನಿಂತು ಮತ್ತೆ ಕೂತೆ. ಗಿಳಿಯವನು "ನಿಮ್ಮದೇನು ಕೇಸು?" ಎಂದ. ನನ್ನ ಮೊಮ್ಮಗಳದ್ದು ಎಂದೆ. ಅವನು ಗಾಬರಿಯಿಂದ ಬಾಗಿಲ ಕಡೆ ನೋಡಿದ. ಮೊಲ ಮೊಮ್ಮಗಳದ್ದು ಎಂದು ಆಮೇಲೆ ಬಿಡಿಸಿ ಹೇಳಿದೆ.

ಸಂಜೆಯ ಹೊತ್ತಿಗೆ ಮೂಲಂಗಿ ಬೀಜದಷ್ಟು ಹಿಕ್ಕೆ ಹಾಕಿತು. ವೈದ್ಯೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು ಮುತ್ತು ತೋರಿಸುವ ಹಾಗೆ ನನಗೆ ತೋರಿಸಿದಳು. ನಾನು ಕೈ ಮುಗಿದೆ. ಯಾವುದಕ್ಕೆ ಮುಗಿದೆ ಎಂದು ನನಗೇ ಗೊತ್ತಿಲ್ಲ.

ಹೊರಡುವಾಗ ಹೇಳಿದಳು, "ಹಿಟ್ಟು ನಿಲ್ಲಿಸಿದ್ರೆ ಸಾಲದು ಅಜ್ಜ. ಇದು ಒಂಟಿಯಾಗಿದೆ. ಜೊತೆ ಇಲ್ಲದ ಮೊಲ ಸರಿಯಾಗಿ ತಿನ್ನಲ್ಲ, ಸೊರಗುತ್ತೆ. ಇದರ ಜೊತೆಗಾತೀನ ಯಾಕೆ ಬೇರೆ ಮಾಡಿದ್ರಿ?" ಪಾಲಿನಲ್ಲಿ ಹೋಯಿತು ಎಂದೆ. ಆ ಹೆಂಗಸು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ನಿನ್ನ ಗಂಡ ಬಂದಿದ್ದ. ಇದನ್ನು ಅವಳಿಗೇ ಕೊಟ್ಟುಬಿಡೋಣ, ಎರಡೂ ಒಟ್ಟಿಗೆ ಇರಲಿ ಎಂದೆ.

"ಅಪ್ಪಾ, ಅದು ನನ್ನ ಪಾಲಿಗೆ ಬಂದಿದ್ದು. ಬೇಕಾದ್ರೆ ಚರಂಡಿಗೆ ಬಿಡು, ಅವಳಿಗೆ ಮಾತ್ರ ಬೇಡ."

"ಹಾಗಾದರೆ ನೀನು ಕರ್ಕೊಂಡು ಹೋಗಿ ಸಾಕು."

"ನನಗೆಲ್ಲಿದೆ ಟೈಮು?"

ಹಾಗೆಂದು ಹೇಳಿ ಫೋನ್ ನೋಡುತ್ತಾ ಒಂದು ಕ್ರೀಮ್ ಬನ್ ತಿಂದ. ಬನ್ ಸುತ್ತಿದ್ದ ಕಾಗದವನ್ನು ನೆಲಕ್ಕೆ ಬಿಸಾಕಿ ಹೊರಟ. ಟೈಮಿಲ್ಲದವನಿಗೆ ಮೊಲವೂ ಬೇಕು, ಮಗುವೂ ಬೇಕು. ಅವನು ಹೋದ ಮೇಲೆ ಆ ಕಾಗದವನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದವನು ನಾನು.

ನನ್ನ ತೀರ್ಮಾನ ಹೇಳುತ್ತೇನೆ. ಹಿಟ್ಟಪ್ಪನನ್ನು ತೆಗೆದುಕೊಂಡು ಹೋಗು. ಅವನು ಕೂಗಾಡಿದರೆ ನಾನು ನೋಡಿಕೊಳ್ಳುತ್ತೇನೆ. ಬೇಕರಿಯ ಹಿಂದಿನ ಬಾಗಿಲಿಗೆ ಬಾ, ಮಧ್ಯಾಹ್ನ ಯಾರೂ ಇರುವುದಿಲ್ಲ. ನಿನಗೆ ಬರಲು ಮನಸ್ಸಿಲ್ಲದಿದ್ದರೆ ಮೆಣಸನ್ನು ಗಾಡಿಯವನ ಜೊತೆ ಕಳಿಸು. ಬುಟ್ಟಿ ಸಿದ್ಧ ಮಾಡಿ ಇಟ್ಟಿದ್ದೇನೆ.

ಆವತ್ತು ಚೀಟಿಯ ಮೇಲೆ ನೀನು ಮಾವ ಎಂದು ಬರೆದಿದ್ದೆ. ನೋಡಿದೆ.

ಮಾವ


ಏಪ್ರಿಲ್ 16

ಮಾವನವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಎರಡು ಸಲ ಬರೆದು ಹರಿದೆ.

ಹಿಟ್ಟಪ್ಪನನ್ನು ನಾನು ಕರೆದುಕೊಂಡು ಹೋಗಲಾರೆ. ನಿಮ್ಮ ಮೇಲಿನ ಸಿಟ್ಟಿಗಲ್ಲ. ಬೇರ್ಪಡಿಸಿದ ಮೇಲೆ ಮಸಿಯಮ್ಮ ಏನನ್ನೂ ಸರಿಯಾಗಿ ಮುಟ್ಟಲಿಲ್ಲ. ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಮಗಳು ಶಾಲೆಯಿಂದ ಬಂದು ಬ್ಯಾಗು ಕೂಡ ಇಳಿಸದೆ ಅವಳ ಪಕ್ಕ ನೆಲದಲ್ಲಿ ಮಲಗಿ, ಸಬ್ಬಸಿಗೆಯ ಒಂದೊಂದೇ ಎಳೆ ಬಾಯಿಗೆ ಹಿಡಿಯುತ್ತಿದ್ದಳು. ಅದನ್ನು ಬಹಳ ದಿನ ನೋಡಿದ ಮೇಲೆ, ವೈದ್ಯೆಯ ಮಾತಿಗೆ ಒಪ್ಪಿ ಒಂದು ಕಂದು ಮೊಲ ತಂದೆವು. ಮೊದಲು ಕಚ್ಚಾಡಿದವು. ಈಗ ಒಂದರ ಕೊರಳ ಮೇಲೆ ಇನ್ನೊಂದು ಗಲ್ಲ ಇಟ್ಟು ಮಲಗುತ್ತವೆ. ಹಿಟ್ಟಪ್ಪನನ್ನು ಈಗ ಒಳಗೆ ಬಿಟ್ಟರೆ ಅವಳು ಗುರುತು ಹಿಡಿಯುವುದಿಲ್ಲ, ಹಿಡಿದರೂ ಕಿವಿ ಹರಿದು ಹಾಕುತ್ತಾಳೆ ಎಂದು ವೈದ್ಯೆ ಹೇಳಿದರು. "ಎರಡಿದ್ದರೆ ಒಂದೊಂದು, ಅದರಲ್ಲೇನು" ಎಂದು ಆವತ್ತು ಪಾಲು ಮುಗಿಸಿದವರು ನೀವು. ಮುಗಿದಿದೆ.

ಮಗಳನ್ನು ಕಳಿಸುವ ವಿಷಯ. ಇದನ್ನೂ ಬರೆಯಬಾರದು ಎಂದಿದ್ದೆ, ಆದರೆ ನೀವು ಬುಟ್ಟಿ ಸಿದ್ಧ ಮಾಡಿ ಕಾಯುತ್ತಿದ್ದೀರಿ ಎಂದು ಗಾಡಿಯವನು ಹೇಳಿದ.

ನೀವು ಸಂಧಾನದ ಕೋಣೆಯಲ್ಲಿ ಮಾತಾಡಿದ ದಿನ ಅವಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಬಾಗಿಲು ಹಾಕಿತ್ತು. ಆದರೆ ಹಿಟ್ಟು ಕಲಸುವ ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ನಿಮ್ಮ ಗಂಟಲಿಗೆ ಮೆಲ್ಲಗೆ ಎನ್ನುವುದೇ ಗೊತ್ತಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಮನೆಗೆ ಬರುವ ದಾರಿಯಲ್ಲಿ ನನ್ನನ್ನು ಕೇಳಿದಳು, "ಅಮ್ಮಾ, ನಾನು ಅನ್ನ ಬಿಟ್ಟಿದ್ದಕ್ಕೆ ನಿನಗೆ ಬೈದ್ರಾ?" ಆವತ್ತಿನಿಂದ ತಟ್ಟೆಯಲ್ಲಿ ಒಂದಗುಳು ಬಿಡುವುದಿಲ್ಲ. ಹೊಟ್ಟೆ ತುಂಬಿದ್ದರೂ ತಿನ್ನುತ್ತಾಳೆ. ಬೇಡ ಎಂದರೂ ತಿನ್ನುತ್ತಾಳೆ. ಅದನ್ನು ನೋಡುವುದು ಹೇಗಿರುತ್ತದೆ ಎಂದು ನಿಮಗೆ ಗೊತ್ತಿಲ್ಲ.

ಹಿಟ್ಟಪ್ಪನಿಗೆ ಆದದ್ದನ್ನು ಅವಳಿಂದ ಮುಚ್ಚಿಡಲಿಲ್ಲ. ಎಲ್ಲ ಕೇಳಿದಳು. ಆಮೇಲೆ ಹೇಳಿದಳು, "ನಾನು ಹೋಗಿ ಆ ಮೇಡಂ ಹತ್ರ ಹೇಳ್ಲಾ ಅಮ್ಮಾ? ನಮ್ಮಜ್ಜನಿಗೆ ಹೊಟ್ಟೆಗೆ ಹಾಕೋಕೆ ಬರಲ್ಲ ಅಂತ?"

ನಾನು ನಗಲಿಲ್ಲ. ಅವಳನ್ನು ಬೈಯಲೂ ಇಲ್ಲ.

ಹಲ್ಲು ಬಂದಿದೆ. ನೀವು ಕೇಳಿದ್ದಿರಿ.

ಇತಿ,
ನಿಮ್ಮ ಮೊಮ್ಮಗಳ ತಾಯಿ


ಏಪ್ರಿಲ್ 24

ಸೊಸೆಗೆ,

ಕಾಗದ ಬಂತು. ಓದಿದೆ.

ಹಿಟ್ಟಪ್ಪ ಇಲ್ಲೇ ಇರುತ್ತದೆ. ಹುಲ್ಲು ತಿನ್ನುತ್ತಿದೆ. ಹಿಟ್ಟು ಕಲಸುವ ಹೊತ್ತಿಗೆ ಅದನ್ನು ಮಹಡಿಗೆ ಸಾಗಿಸುತ್ತೇನೆ. ಇದಕ್ಕೊಂದು ಹೆಣ್ಣು ನೋಡಿ ಎಂದು ವೈದ್ಯೆ ಹೇಳಿದ್ದಾಳೆ. ಈ ವಯಸ್ಸಿನಲ್ಲಿ ಹೆಣ್ಣು ನೋಡಲು ಹೊರಡಬೇಕು ನಾನು. ಹೊರಡುತ್ತೇನೆ. ಅದು ನನ್ನ ತಲೆನೋವು, ನಿನಗೆ ಬೇಡ.

ಸೋಮವಾರ ಬೇಕರಿ ಮುಚ್ಚಿ ಸಂಧಾನದ ಆಫೀಸಿಗೆ ಹೋಗಿದ್ದೆ. ಭಟ್ಟಿ ಕಟ್ಟಿದ ಮೇಲೆ ನನ್ನ ಹೆಂಡತಿ ತೀರಿಕೊಂಡ ದಿನ ಬಿಟ್ಟರೆ ಅದನ್ನು ಆರಿಸಿದ್ದು ಇದೇ ಮೊದಲು. ಅಲ್ಲಿ ಆ ಮೇಡಂ ಇದ್ದರು. ನಾನು ಹೇಳಿದ್ದನ್ನು ಹೊಡೆದು ಹಾಕಿ ಎಂದೆ.

"ಯಾವುದನ್ನ?"

"ಹೊಟ್ಟೆಗೆ ಹಾಕೋಕೆ ಬರಲ್ಲ ಅಂದಿದ್ದು."

"ಅದು ಹಾಗೆಲ್ಲ ಆಗಲ್ಲ ಅಜ್ಜ. ಹೇಳಿಕೆ ಅಂದ್ರೆ ಬನ್ ವಾಪಸ್ ಕೊಟ್ಟು ರಸ್ಕ್ ಇಸ್ಕೊಂಡ ಹಾಗಲ್ಲ. ಆವತ್ತು ಸುಳ್ಳು ಹೇಳಿದ್ರಾ?"

"ಕಂಡಿದ್ದು ಹೇಳಿದೆ."

"ಮತ್ತೆ ಈಗ?"

"ಈಗ ಬೇರೆ ಕಂಡಿದೆ."

ಆ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ದಾರಿ ಹೇಳಿದರು. ಮೇ ಒಂಬತ್ತಕ್ಕೆ ಮುಂದಿನ ವಿಚಾರಣೆ. ನಾನು ನಾನಾಗಿ ಹೋಗಿ ನಿಲ್ಲಲು ಆಗುವುದಿಲ್ಲ. ನಿನ್ನ ವಕೀಲರು ನನ್ನನ್ನು ನಿನ್ನ ಕಡೆಯವನು ಎಂದು ಕರೆಯಬೇಕು. ಕರೆದರೆ ಎದುರಿಗೆ ಮಗನನ್ನು ಕೂರಿಸಿಕೊಂಡೇ ಹೇಳಬೇಕು. ಅವನ ವಕೀಲರು ನನ್ನನ್ನು ಹಿಂಜಿ ಹಾಕುತ್ತಾರೆ ಎಂದೂ ಹೇಳಿದರು. ಹಾಕಲಿ.

ಮಗನಿಗೆ ಫೋನ್ ಮಾಡಿ ಹೇಳಿದೆ, ಕದ್ದು ಮಾಡುವ ಕೆಲಸವಲ್ಲ ಎಂದು. "ಅಲ್ಲಿಗೆ ಹೋದ್ರೆ ನಿನಗೆ ಮಗ ಇಲ್ಲ ಅನ್ಕೋ ಅಪ್ಪಾ" ಎಂದ. ಬಂದರೂ ಅವನು ಬರುತ್ತಿದ್ದದ್ದು ಕ್ರೀಮ್ ಬನ್ ತಿನ್ನಲು. ಆದರೂ ಆ ಮಾತು ಕೇಳಿದ ಮೇಲೆ ಮೈದಾ ಮೂಟೆಯ ಮೇಲೆ ಕೂತೆ. ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಬರೆದದ್ದಾಯಿತು, ಕೆರೆದರೆ ಕಾಗದ ಹಾಳು.

ಅಲ್ಲಿ ಹೇಳುವುದು ಇಷ್ಟೇ. ಆ ಹುಡುಗಿ ಶಾಲೆ ಬಿಟ್ಟು ಬೇಕರಿಗೆ ಬಂದು ಬನ್ ಕೇಳುತ್ತಿದ್ದದ್ದು ಹಸಿದು ಅಲ್ಲ. ನಾನು ಕೊಡುತ್ತೇನೆ ಎಂದು ಗೊತ್ತಿತ್ತು, ಅದಕ್ಕೆ ಕೇಳುತ್ತಿದ್ದಳು. ತಿಂದಳು ಎಂದರೆ ಹಸಿದಿದ್ದಳು ಎಂದು ನಾನು ಲೆಕ್ಕ ಹಾಕಿದೆ. ಅವಳ ಅಮ್ಮ ಮಾಡಿದ ಅಡುಗೆ ದಿನಾ ಒಲೆಯ ಮೇಲೆ ಇರುತ್ತಿತ್ತು, ಅದನ್ನು ನಾನು ದಿನಾ ನೋಡುತ್ತಿದ್ದೆ. ಇದಕ್ಕಿಂತ ಹೆಚ್ಚು ಒಂದು ಮಾತನ್ನೂ ಆಡುವುದಿಲ್ಲ. ಆವತ್ತು ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನಿನ್ನ ಹತ್ತಿರ ಚರ್ಚೆಗೂ ಕೂರುವುದಿಲ್ಲ. ಮೆಲ್ಲಗೆ ಮಾತಾಡಲು ಪ್ರಯತ್ನ ಮಾಡುತ್ತೇನೆ, ಆಗುತ್ತದೆಯೋ ಇಲ್ಲವೋ.

ಇದಕ್ಕೆ ಬದಲು ಮೆಣಸನ್ನು ಕಳಿಸು ಎಂದು ಗಂಟು ಹಾಕುತ್ತಿಲ್ಲ. ಅವಳು ಬರುವುದಾದರೆ ಅವಳಾಗಿ ಬರಬೇಕು. ಬರದಿದ್ದರೆ ಇಲ್ಲ. ತಟ್ಟೆಯಲ್ಲಿ ಅನ್ನ ಬಿಡಲಿ ಎಂದು ಮಾತ್ರ ಅವಳಿಗೆ ಹೇಳು. ಅಜ್ಜ ಹೇಳಿದ ಎಂದು ಹೇಳಬೇಡ, ನಿನ್ನ ಮಾತು ಎಂದೇ ಹೇಳು.

ನನ್ನನ್ನು ಕರೆಸುತ್ತೀಯೋ ಇಲ್ಲವೋ, ನಿನ್ನ ವಕೀಲರನ್ನು ಕೇಳಿ ಬರೆ. ಎರಡರಲ್ಲಿ ಒಂದು ಸಾಕು, ಸುತ್ತಿ ಬಳಸಿ ಬೇಡ. ಇಲ್ಲ ಎಂದಾದರೂ ಬರೆದು ಕಳಿಸು. ಮೇ ಎರಡನೇ ತಾರೀಕಿನೊಳಗೆ ಉತ್ತರ ನನ್ನ ಕೈಗೆ ಬರಬೇಕು.

ಮಾವ